ಹತ್ತರ ನಾಣ್ಯ: ಕೇಸು ಅಂಗಡಿಯವನ ಮೇಲೇಕೆ?



ಹತ್ತು ರೂಪಾಯಿ ನಾಣ್ಯ ಬೇಡ ಎನ್ನುವ ವ್ಯಾಪಾರಿಗಳ ಮೇಲೆ ಕ್ರಮ ಜರುಗಿಸಬೇಕು ಎಂಬ ಮಾತು ನಮ್ಮ ಕಡೆ ಆಗಾಗ ಕೇಳಿಬರುತ್ತದೆ. ಪತ್ರಿಕೆಗಳೂ ಅದನ್ನು ಹಾಗೇ ಅಚ್ಚು ಹಾಕಿ ಸುಮ್ಮನಾಗುತ್ತವೆ. ಬೀದರ್, ಭಾಲ್ಕಿ, ಔರಾದ್‌ಗಳ ಸಣ್ಣ ಅಂಗಡಿಗಳಿಗೆ ಬಿಸ್ಕತ್ತು, ಸಾಬೂನು, ಕಡ್ಡಿಪೆಟ್ಟಿಗೆ ಹಾಕುವ ಸಗಟು ವ್ಯಾಪಾರಿ ನಾನು. ಈ ವಿಷಯದಲ್ಲಿ ನನ್ನ ಸ್ವಾರ್ಥವೂ ಇದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಆದರೆ ಈ ಕೇಸಿನ ಬೆದರಿಕೆ ಗುರಿ ತಪ್ಪಿದೆ. ಅದು ಮುಟ್ಟಬೇಕಾದ್ದು ಬ್ಯಾಂಕಿನ ಕೌಂಟರನ್ನು. ಆ ಕೌಂಟರನ್ನು ವಿಚಾರಿಸಬೇಕಾದ್ದು ಭಾರತೀಯ ರಿಸರ್ವ್ ಬ್ಯಾಂಕ್.

ಔರಾದ್‌ನಲ್ಲಿ ನಾನು ಮಾಲು ಹಾಕುವ ಒಂದು ಚಹಾ ಅಂಗಡಿಯಲ್ಲಿ ಗಲ್ಲಾದ ಪಕ್ಕ ಪ್ಲಾಸ್ಟಿಕ್ ಬರಣಿಯೊಂದಿದೆ. ಅದರ ತುಂಬ ಹತ್ತರ ನಾಣ್ಯ. ಗಿರಾಕಿ ನಾಣ್ಯ ಚಾಚಿದರೆ ಮಾಲೀಕ, ‘ಇವು ನಡ್ಯಂಗಿಲ್ರಿ, ನೋಟ್ ಇದ್ರ ಕೊಡ್ರಿ’ ಅನ್ನುತ್ತಾನೆ. ಗಿರಾಕಿ ಕೊಡುವ ನೋಟಾದರೂ ಎಂಥದ್ದು? ಬೆವರಿಗೆ ಕಪ್ಪಾಗಿ, ನಟ್ಟನಡುವೆ ಟೇಪು ಹಚ್ಚಿಸಿಕೊಂಡು, ಗಾಂಧಿಯವರ ಮುಖ ಹುಡುಕಬೇಕಾದ ನೋಟು. ಅದು ನಡೆಯುತ್ತದೆ, ಹೊಳೆಯುವ ನಾಣ್ಯ ನಡೆಯುವುದಿಲ್ಲ. ಇದನ್ನು ಜನರ ಮೌಢ್ಯ ಎಂದು ಬೈಯುವವರು ಆ ಬರಣಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿಲ್ಲ. ಅದು ನನ್ನ ಬಳಿಗೆ ಬರುತ್ತದೆ. ನಾನು ಚೀಲ ಹೊತ್ತು ಬ್ಯಾಂಕಿಗೆ ಹೋದರೆ ‘ಎಣಿಸಾಕ ಮಂದಿ ಇಲ್ರಿ, ಸೋಮವಾರ ಬರ್ರಿ’ ಎನ್ನುತ್ತಾರೆ. ಸೋಮವಾರ ಹೋದರೆ ಸಂತೆ ದಿನದ ಗರ್ದಿ. ಕೊನೆಗೆ ನಾನೂ ಔರಾದ್‌ನವನಿಗೆ ‘ನೋಟ್ ಕೊಡ್ರಿ’ ಅನ್ನಲೇಬೇಕು. ಬ್ಯಾಂಕಿನ ಮಾತು ಮೂರನೇ ದಿನಕ್ಕೆ ಚಹಾ ಅಂಗಡಿಯ ಮಾತಾಗುತ್ತದೆ. ಹುಂಡಿಯಲ್ಲಿ ಹಾಕಿದರೆ ದೇವರು ಮಾತ್ರ ಬೇಡ ಎನ್ನುವುದಿಲ್ಲ.

ಕಾನೂನು ಸ್ಪಷ್ಟವಾಗಿದೆ. ನಾಣ್ಯ ಟಂಕಿಸುವುದು ಕೇಂದ್ರ ಸರ್ಕಾರ, ಚಲಾವಣೆಗೆ ಬಿಡುವುದು ರಿಸರ್ವ್ ಬ್ಯಾಂಕ್. 2011ರ ನಾಣ್ಯ ಕಾಯ್ದೆಯ ಪ್ರಕಾರ ಒಂದು ರೂಪಾಯಿ ಮತ್ತು ಅದಕ್ಕಿಂತ ದೊಡ್ಡ ನಾಣ್ಯಗಳಲ್ಲಿ ಸಾವಿರ ರೂಪಾಯಿವರೆಗೆ ಪಾವತಿ ಮಾಡಬಹುದು. ಖಾತೆಗೆ ಜಮಾ ಮಾಡುವುದಕ್ಕೆ ಆ ಮಿತಿಯೂ ಅಡ್ಡಿಯಲ್ಲ. ಎಲ್ಲ ಶಾಖೆಗಳೂ ನಾಣ್ಯ ಸ್ವೀಕರಿಸಬೇಕು, ಹರಿದ ನೋಟು ಬದಲಿಸಿ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ ಮತ್ತೆ ಮತ್ತೆ ಸುತ್ತೋಲೆ ಹೊರಡಿಸಿದೆ. ತಪ್ಪಿದ ಶಾಖೆಗೆ ದಂಡ ಹಾಕುವ ಅಧಿಕಾರವೂ ಅದಕ್ಕಿದೆ. ರೂಪಾಯಿ ಚಿಹ್ನೆ ಇಲ್ಲದ ನಾಣ್ಯ ನಕಲಿ, ಹದಿನೈದು ಗೆರೆಯದ್ದು ನಕಲಿ ಎಂಬ ಗಾಳಿಮಾತು ಎದ್ದಾಗ, 2018ರ ಜನವರಿಯಲ್ಲಿ ಹದಿನಾಲ್ಕು ವಿನ್ಯಾಸಗಳೂ ಅಸಲಿ ಎಂದು ಪ್ರಕಟಣೆ ಕೊಟ್ಟದ್ದೂ ಅದೇ. ಚಿಹ್ನೆ ಬಂದದ್ದೇ 2010ರಲ್ಲಿ. ಅದಕ್ಕೂ ಮುಂಚಿನ ನಾಣ್ಯದಲ್ಲಿ ಅದು ಎಲ್ಲಿಂದ ಬರಬೇಕು?  

ಆದರೆ ಮುಂಬೈಯ ಪ್ರಕಟಣೆಯಿಂದ ಔರಾದ್‌ನ ಬರಣಿ ಖಾಲಿಯಾಗುವುದಿಲ್ಲ. ರಿಸರ್ವ್ ಬ್ಯಾಂಕಿನ ಲಕ್ಷ್ಯವೆಲ್ಲ ನಾಣ್ಯವನ್ನು ಹೊರಗೆ ತಳ್ಳುವ ಕಡೆ. ನಾಣ್ಯ ಹಂಚಿದ್ದಕ್ಕೆ ಬ್ಯಾಂಕುಗಳಿಗೆ ಚೀಲವೊಂದಕ್ಕೆ ಕೊಡುತ್ತಿದ್ದ 25 ರೂಪಾಯಿ ಪ್ರೋತ್ಸಾಹಧನವನ್ನು 2021ರ ಸೆಪ್ಟೆಂಬರ್‌ನಿಂದ 65ಕ್ಕೆ ಏರಿಸಿತು. 2023ರಲ್ಲಿ ಹನ್ನೆರಡು ನಗರಗಳಲ್ಲಿ ಯುಪಿಐ ಮೂಲಕ ನಾಣ್ಯ ಕೊಡುವ ಯಂತ್ರಗಳನ್ನು ಪ್ರಯೋಗಕ್ಕೆ ಇಡುವುದಾಗಿ ಸಾರಿತು. ಬೆಂಗಳೂರಿಗೆ, ಹೈದರಾಬಾದಿಗೆ ಅದು ಬೇಕಿತ್ತೇನೋ. ನಮಗೆ ಬೇಕಾದದ್ದು ನಾಣ್ಯ ಕೊಡುವ ಯಂತ್ರವಲ್ಲ, ತೆಗೆದುಕೊಳ್ಳುವ ಒಬ್ಬ ಗುಮಾಸ್ತ.

ಹಣ ಎಂಬುದು ತೆಗೆದುಕೊಳ್ಳುವವನು ಇರುವವರೆಗೆ ಮಾತ್ರ ಹಣ ಎಂಬುದನ್ನು ಬೀದರ್ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಇಲ್ಲಿ ನಿಜಾಮನ ಹಾಲಿ ಸಿಕ್ಕಾ ಓಡಾಡುತ್ತಿತ್ತು. ಏಳು ಹಾಲಿಗೆ ಆರು ಕಲ್ದಾರ್, ಅಂದರೆ ಬ್ರಿಟಿಷ್ ರೂಪಾಯಿ, ಎಂಬ ಲೆಕ್ಕ ನಮ್ಮ ಹಿರಿಯರ ಬಾಯಲ್ಲಿತ್ತು. 1942ರಲ್ಲಿ ಕೆಲಸ ಶುರುಮಾಡಿದ ಹೈದರಾಬಾದ್ ಸ್ಟೇಟ್ ಬ್ಯಾಂಕೇ ಆ ಸಂಸ್ಥಾನದ ಪಾಲಿಗೆ ರಿಸರ್ವ್ ಬ್ಯಾಂಕ್ ಇದ್ದಂತೆ. ಸಿಕ್ಕಾದ ಆಡಳಿತ ಅದರದ್ದು. ಭಾರತದ ರೂಪಾಯಿ ಬಂದಾಗ ಹಳೆಯ ಸಿಕ್ಕಾ ರಾತ್ರೋರಾತ್ರಿ ಸಾಯಲಿಲ್ಲ. ಎರಡೂ ಜೊತೆಗೇ ನಡೆದು, 1959ರಲ್ಲಿ ಹಾಲಿಯ ಕಾಲ ಮುಗಿಯಿತು. ವರ್ಷಗಟ್ಟಲೆ ಕಾಲಾವಕಾಶವಿತ್ತು. ಇನ್ನೊಂದು ಸಂಗತಿ ಈಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. 1956ರಲ್ಲಿ ಆ ಬ್ಯಾಂಕನ್ನು ರಿಸರ್ವ್ ಬ್ಯಾಂಕೇ ತನ್ನ ಅಂಗಸಂಸ್ಥೆಯಾಗಿ ತೆಗೆದುಕೊಂಡು ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಎಂದು ಹೆಸರಿಟ್ಟಿತು. 1959ರಲ್ಲಿ ಅದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದ ಅಂಗಸಂಸ್ಥೆಯಾಯಿತು, 2017ರ ಏಪ್ರಿಲ್‌ನಲ್ಲಿ ಅದರಲ್ಲೇ ವಿಲೀನವಾಯಿತು. ಒಂದು ಕಾಲಕ್ಕೆ ನಮ್ಮ ಸೀಮೆಯ ಬ್ಯಾಂಕಿನ ಧಣಿಯೇ ರಿಸರ್ವ್ ಬ್ಯಾಂಕ್. ಇಂದು ಅದು ನಮಗೆ ಎಷ್ಟು ದೂರ ನೋಡಿ. ಎರಡು ಸಾವಿರದ ನೋಟು ಹಿಂಪಡೆಯುವುದಾಗಿ 2023ರ ಮೇ 19ರಂದು ಹೇಳಿತು. ಅಕ್ಟೋಬರ್ 7ರ ನಂತರ ಉಳಿದ ನೋಟುಗಳಿಗೆ ದೇಶದಲ್ಲಿ ತನ್ನ ಹತ್ತೊಂಬತ್ತು ಕಚೇರಿಗಳೇ ಗತಿ ಎಂದಿತು. ಕರ್ನಾಟಕಕ್ಕೆ ಬೆಂಗಳೂರೊಂದೇ. ಬೀದರ್‌ನವನಿಗೆ ಹತ್ತಿರದ್ದು ಪಕ್ಕದ ರಾಜ್ಯದ ಹೈದರಾಬಾದ್, ಇಲ್ಲವೇ ಅಂಚೆ. ಬ್ಯಾಂಕ್ ನಾಣ್ಯ ತೆಗೆದುಕೊಳ್ಳಲಿಲ್ಲ ಎಂದು ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಕಾಗದ ಬರೆಯಬೇಕೆಂದರೆ ವಿಳಾಸ ಚಂಡೀಗಢದ್ದು! ಆನ್‌ಲೈನ್ ಇದೆ, 14448 ಎಂಬ ನಂಬರೂ ಇದೆ, ಒಪ್ಪುತ್ತೇನೆ. ಚಹಾ ಅಂಗಡಿಯವನು ನಾಣ್ಯದ ಬರಣಿಗಾಗಿ ಆ ಹಾದಿ ಹಿಡಿಯುತ್ತಾನೆಯೇ?

ಈಗೆಲ್ಲ ಫೋನ್‌ಪೇ ಕಾಲ, ನಾಣ್ಯ ಯಾರಿಗೆ ಬೇಕು ಎನ್ನುವವರೂ ಇದ್ದಾರೆ. ಅಂಥವರು ನೆಟ್‌ವರ್ಕ್ ಹೋದ ಹೊತ್ತಿನಲ್ಲಿ ಔರಾದ್ ತಾಲ್ಲೂಕಿನ ಗಡಿ ಹಳ್ಳಿಯಲ್ಲಿ ಸ್ಕ್ಯಾನರ್ ಹಿಡಿದು ನಿಲ್ಲಲಿ.

ಸಂಪಾದಕರೇ, ನಿಮ್ಮ ಪತ್ರಿಕೆಯ ಮೇಲೂ ಒಂದು ದೂರಿದೆ. ಹಣಕಾಸು ನೀತಿ ಸಮಿತಿಯ ಆರು ಮಂದಿ ರೆಪೊ ದರ ಕಾಲು ಪರ್ಸೆಂಟ್ ಅಲುಗಿಸಿದರೆ ನಿಮಗದು ಮುಖಪುಟ. ಬೇಡ ಎನ್ನುವುದಿಲ್ಲ, ಸಾಲದ ಕಂತಿನ ಮಾತು ಅದು. ಆದರೆ 1934ರ ಕಾಯ್ದೆಯ ಪೀಠಿಕೆಯಲ್ಲಿ ರಿಸರ್ವ್ ಬ್ಯಾಂಕಿಗೆ ಮೊದಲು ಹೇಳಿದ ಕೆಲಸ ನೋಟು ಹೊರಡಿಸುವುದರ ನಿಯಂತ್ರಣ. ಬೆಲೆ ಸ್ಥಿರತೆಯ ಮಾತು ಅಲ್ಲಿಗೆ ಸೇರಿದ್ದು 2016ರಲ್ಲಿ. ಆ ಮೊದಲ ಕೆಲಸ ಜಿಲ್ಲೆಯಲ್ಲಿ ಹೇಗೆ ನಡೆದಿದೆ ಎಂದು ನಿಮ್ಮ ವರದಿಗಾರರು ಒಮ್ಮೆ ಚೀಲ ಹಿಡಿದು ಕೌಂಟರ್ ಮುಂದೆ ನಿಂತು ನೋಡಲಿ.

ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಮೂರು ತಿಂಗಳಿಗೊಮ್ಮೆ ಬ್ಯಾಂಕರುಗಳ ಸಭೆ ನಡೆಯುತ್ತದೆ. ಜಿಲ್ಲೆಯ ಹೊಣೆ ಹೊತ್ತ ರಿಸರ್ವ್ ಬ್ಯಾಂಕ್ ಅಧಿಕಾರಿಯೂ ಅದಕ್ಕೆ ಬರುತ್ತಾರೆ. ಮುಂದಿನ ಸಭೆಯ ವಿಷಯಪಟ್ಟಿಗೆ ಜಿಲ್ಲಾಧಿಕಾರಿಗಳು ನಾಣ್ಯವನ್ನು ಸೇರಿಸಲಿ. ಬೀದರ್, ಭಾಲ್ಕಿ, ಔರಾದ್‌ಗಳಲ್ಲಿ ವಾರಕ್ಕೊಂದು ದಿನ, ಸಂತೆ ದಿನ ಬಿಟ್ಟು, ನಾಣ್ಯ ಜಮಾ ಮಾಡಿಸಿಕೊಳ್ಳುವ ಮತ್ತು ಹರಿದ ನೋಟು ಬದಲಿಸುವ ಕೌಂಟರ್ ಗೊತ್ತುಮಾಡಿ, ಯಾವ ಶಾಖೆ, ಎಷ್ಟು ಗಂಟೆಗೆ ಎಂದು ಕನ್ನಡದಲ್ಲಿ ಫಲಕ ಹಾಕಿಸಲಿ. ಅಲ್ಲಿಯವರೆಗೆ ಚಹಾ ಅಂಗಡಿಯವನ ಮೇಲೆ ಕೇಸಿನ ಮಾತು ಬೇಡ.

ಇಂತಿ,
ಓರ್ವ ಸಗಟು ವ್ಯಾಪಾರಿ, ಭಾಲ್ಕಿ