ನಮ್ಮೂರಿನ ರೈಲಿಗೆ ಹತ್ತುವವರು ಯಾರು?



ಹೋದ ತಿಂಗಳು ಶಿಡ್ಲಘಟ್ಟದಲ್ಲಿ ಒಂದು ನಿಕಾಹ್. ಗಂಡಿನ ಕಡೆಯವರು ಕೋಲಾರದಿಂದ ಬಂದಿದ್ದರು. ಶಾದಿಮಹಲಿನ ಮುಂದೆ ಕಾರು, ಟೆಂಪೊಗಳು ನಿಂತು ದಾರಿಯೇ ಕಾಣುತ್ತಿರಲಿಲ್ಲ. ಎ.ಸಿ. ಬೇಕೆಂದು ಇಂಜಿನ್ ಚಾಲೂ ಇಟ್ಟು ಕುಳಿತವರೂ ಇದ್ದರು. ಬಾಗಿಲ ಬಳಿ ದಮ್ಮು ಇರುವ ಒಂದು ಮಗು ಅಜ್ಜಿಯ ಸೆರಗಿನಲ್ಲಿ ಮುಖ ಹುದುಗಿಸಿ ಕೆಮ್ಮುತ್ತಿತ್ತು. ಕೋಲಾರಕ್ಕೂ ಶಿಡ್ಲಘಟ್ಟಕ್ಕೂ ನಡುವೆ ರೈಲು ಹಳಿ ಇದೆ ಎಂಬುದು ಆ ಮದುವೆಯಲ್ಲಿ ಯಾರಿಗೂ ನೆನಪಾದಂತಿರಲಿಲ್ಲ.

ನನ್ನ ವಯಸ್ಸಿನವರಿಗೆ ಯಲಹಂಕ–ಬಂಗಾರಪೇಟೆಯ ಪುಟ್ಟ ರೈಲು ನೆನಪಿರಬಹುದು. ದೇವನಹಳ್ಳಿ, ನಂದಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ, ಕೋಲಾರ ಎಂದು ನಿಧಾನವಾಗಿ ಸಾಗುತ್ತಿದ್ದ ನ್ಯಾರೋಗೇಜ್ ಅದು. ಅದನ್ನು ನಿಲ್ಲಿಸಿ, ಚಿಕ್ಕಬಳ್ಳಾಪುರದಿಂದ ಕೋಲಾರದವರೆಗೆ ಬ್ರಾಡ್‌ಗೇಜ್ ಹಾಕಿ ಮತ್ತೆ ರೈಲು ಬಿಟ್ಟದ್ದು 2013ರಲ್ಲಿ. ಅಷ್ಟರಲ್ಲಿ ಜನಕ್ಕೆ ಬಸ್ಸು, ಕಾರು ರೂಢಿಯಾಗಿ ಹೋಗಿತ್ತು. ಒಮ್ಮೆ ಬಿಟ್ಟ ದಾರಿಗೆ ಮರಳುವುದು ಕಷ್ಟ. ಗೌರಿಬಿದನೂರಿನ ಸಹೋದರಿಯರಿಗೆ ಹಿಂದೂಪುರದ ಕಡೆಗೆ ಹೋಗುವ ಹಳೆಯ ಮಾರ್ಗವಿದೆ. ಆದರೆ ಅಲ್ಲಿಂದ ಚಿಕ್ಕಬಳ್ಳಾಪುರಕ್ಕೆ, ಅಂದರೆ ತಮ್ಮದೇ ಜಿಲ್ಲಾ ಕೇಂದ್ರಕ್ಕೆ, ರೈಲಿನಲ್ಲಿ ಬರಬೇಕಾದರೆ ಯಲಹಂಕ ಸುತ್ತಬೇಕು!

ರೈಲಿನಿಂದ ಗಾಳಿಗೆ ಏನು ಲಾಭ? ಅಡುಗೆಮನೆಯ ಲಟ್ಟಣಿಗೆಯನ್ನು ಒಮ್ಮೆ ಕಲ್ಲಿನ ಹಾಸಿನ ಮೇಲೆ, ಒಮ್ಮೆ ಹಾಸಿಗೆಯ ಮೇಲೆ ಉರುಳಿಸಿ ನೋಡಿ. ಹಾಸಿಗೆ ತಗ್ಗುತ್ತದೆ, ಕೈಗೆ ಬಲ ಬೇಕಾಗುತ್ತದೆ. ರಸ್ತೆಯ ಮೇಲೆ ರಬ್ಬರ್ ಟೈರೂ ಹಾಗೆಯೇ ಅಮುಕುತ್ತಾ ಸಾಗುತ್ತದೆ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿಗೆ ಆ ತಡೆ ಬಹಳ ಕಡಿಮೆ. ಆದ್ದರಿಂದ ಅಷ್ಟೇ ಭಾರ ಎಳೆಯಲು ರೈಲಿಗೆ ಲಾರಿಗಿಂತ ಎಷ್ಟೋ ಕಡಿಮೆ ಇಂಧನ ಸಾಕು. ಒಂದು ಲೀಟರ್ ಡೀಸೆಲ್ ಉರಿದರೆ ಎರಡೂವರೆ ಕಿಲೋಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಟೈರು ಸವೆದು ಏಳುವ ಧೂಳು ಬೇರೆ. ಈಗ ನಮ್ಮ ಕಡೆಯ ಹಳಿಗೂ ವಿದ್ಯುತ್ ತಂತಿ ಬಂದಿದೆ. ಆ ವಿದ್ಯುತ್ತಿನಲ್ಲಿ ಕಲ್ಲಿದ್ದಲಿನದ್ದೂ ಪಾಲಿದೆ, ನಿಜ. ಆದರೂ ಹೊಗೆ ನಮ್ಮ ಮಗುವಿನ ಮೂಗಿನ ಮುಂದೆ ಏಳುವುದಿಲ್ಲ. ಹಾಗೆಂದು ಖಾಲಿ ಓಡುವ ರೈಲಿನಿಂದ ಯಾರಿಗೂ ಪ್ರಯೋಜನವಿಲ್ಲ. ಜನ ಹತ್ತಿದರೆ ಮಾತ್ರ ಈ ಲೆಕ್ಕ ಸರಿಹೋಗುತ್ತದೆ.

ಸರಕಿನ ಮಾತು ಇನ್ನೂ ದೊಡ್ಡದು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ದೇಶದ ಸರಕಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲು ರೈಲಿನಲ್ಲಿ ಹೋಗುತ್ತಿತ್ತು. ಈಗ ಅದು ಮೂರರಲ್ಲಿ ಒಂದು ಪಾಲೂ ಇಲ್ಲ. 2021ರಲ್ಲಿ ಚಿಂತಾಮಣಿ ಕಡೆಯಿಂದ ಕಿಸಾನ್ ರೈಲಿನಲ್ಲಿ ಮಾವು ದೆಹಲಿಗೆ ಹೋದಾಗ ನಮಗೆಲ್ಲ ಹೆಮ್ಮೆಯಾಗಿತ್ತು. ಆದರೆ ನಾಲ್ಕು ಕ್ರೇಟ್ ಟೊಮೆಟೊ ಬೆಳೆದವನು ಬೋಗಿ ತುಂಬಿಸುವುದು ಹೇಗೆ? ಅವನ ಹೊಲದ ಬದುವಿಗೆ ಬರುವುದು ಟೆಂಪೊ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಬರುವ ರೇಷ್ಮೆಗೂಡಿನ ಕಥೆಯೂ ಅದೇ. ಚಿಟ್ಟೆ ಹೊರಬರುವ ಮೊದಲೇ ಗೂಡು ಮಾರಾಟವಾಗಬೇಕು, ಅದು ರೈಲಿನ ವೇಳೆಗೆ ಕಾಯದು. ಇದನ್ನು ಸರಿಪಡಿಸುವುದು ಮನೆಯಲ್ಲಿ ಕುಳಿತ ನಮ್ಮ ಕೈಯಲ್ಲಿಲ್ಲ. ಸರಕಾರ ಮತ್ತು ರೈಲ್ವೆ ಇಲಾಖೆ ಮಾಡಬೇಕಾದ ಕೆಲಸವದು.

ನಮ್ಮ ಪ್ರಯಾಣ ಮಾತ್ರ ನಮ್ಮದೇ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಟಿಕೆಟ್ಟಿಲ್ಲ. ಹಾಗಿರುವಾಗ ದುಡ್ಡು ಕೊಟ್ಟು ರೈಲು ಹತ್ತಿ ಎಂದರೆ ನೀವು ನಕ್ಕೀರಿ. ಬಸ್ಸೂ ಒಳ್ಳೆಯದೇ, ಐವತ್ತು ಜನ ಕುಳಿತ ಒಂದು ಬಸ್ಸು ಹತ್ತಾರು ಕಾರುಗಳ ಹೊಗೆ ಉಳಿಸುತ್ತದೆ. ನಾನು ಬೇಡ ಎನ್ನುವುದು ಆರು ಜನರಿಗೆ ಎರಡು ಕಾರು ತೆಗೆಯುವ ದೊಡ್ಡಸ್ತಿಕೆಯನ್ನು. ಇಡೀ ಕುಟುಂಬ ಹೊರಟಾಗ, ಗಂಡಸರಿಗೆ ಹೇಗೂ ಟಿಕೆಟ್ ಬೇಕಾದಾಗ, ರೈಲು ಅಗ್ಗ. ಇನ್ನೊಂದು ಮಾತು ಹೇಳಲು ಸಂಕೋಚ, ಆದರೂ ಹೇಳುತ್ತೇನೆ. ಬಸ್ಸಿನ ಪ್ರಯಾಣವೆಂದರೆ ನಮ್ಮ ಎಷ್ಟೋ ಹೆಂಗಸರು ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ರೈಲಿನಲ್ಲಿ ಸಾಮಾನ್ಯವಾಗಿ ಶೌಚಾಲಯವಿರುತ್ತದೆ.

ರೈಲುಗಳು ಕಡಿಮೆ, ಹೊತ್ತು ಅನುಕೂಲವಿಲ್ಲ ಎಂಬ ನಿಮ್ಮ ದೂರು ನ್ಯಾಯವಾದದ್ದೇ. ಅದನ್ನು ಸ್ಟೇಷನ್ ಮಾಸ್ತರರಿಗೆ, ಸಂಸದರ ಕಚೇರಿಗೆ ಬರೆದು ಕೊಡಿ. ಹತ್ತು ಮನೆಯವರು ಸೇರಿ ಸಹಿ ಹಾಕಿದರೆ ಅದಕ್ಕೊಂದು ತೂಕ ಬರುತ್ತದೆ.

ನಮ್ಮ ಮನೆಯಲ್ಲೂ ಸದ್ಯದಲ್ಲೇ ಒಂದು ಮದುವೆಯಿದೆ. ಕೋಲಾರದ ಖಾಲಾಗೆ ಫೋನ್ ಮಾಡಿ, ಎಲ್ಲರೂ ರೈಲಿನಲ್ಲೇ ಬನ್ನಿ ಎಂದೆ. ಅವರು ಕೇಳಿದ್ದು ಒಂದೇ ಮಾತು: “ಬರ್ತೀವಿ ಬೇಟಾ, ಸ್ಟೇಷನ್ನಿಂದ ಮಹಲಿಗೆ ಆಟೋ ಸಿಗುತ್ತಾ?” ಆಟೋಗಳಿಗೆ ಹೇಳಿಟ್ಟಿದ್ದೇನೆ.