ಗಿಡ ಹಚ್ಚಾಕ ದಿನಾ ಐತಿ, ನೀರ ಹಾಕಾಕ ದಿನಾ ಯಾವಾಗ?

1/7

ಜೂನ್ 5 ಮುಗೀತು. ಎಲ್ಲಾರ ಸ್ಟೋರಿನೂ ನೋಡಿದೆ. ಒಂದು ಸಸಿ, ಅದನ್ನ ಹಿಡಕೊಂಡ ಎಂಟು ಕೈ, ಹಿಂದ ಒಂದು ಬ್ಯಾನರ್, ಕೆಳಗ ‘ಹಸಿರೇ ಉಸಿರು’. ಫೋಟೋ ಚಂದ ಬಂದಾವು, ಎರಡು ಮಾತಿಲ್ಲ. ಯಾರನ್ನೂ ಬೈಯಾಕ ಇದನ್ನ ಬರೀತಿಲ್ಲ. ಭಾನುವಾರ ಬಿಟ್ಟು ಬಂದು ತೆಗ್ಗು ತೋಡಿದವರ ಬಗ್ಗೆ ನನಗ ಗೌರವ ಐತಿ.

ಆದ್ರ ಒಂದು ಮಾತು ಹೇಳಲೇಬೇಕು. ನಮ್ಮ ವಿಜಯಪುರ, ತಿಕೋಟಾ, ಬಬಲೇಶ್ವರ ಕಡೆ ಪರಿಸರದ ಕಾರ್ಯಕ್ರಮಕ್ಕ ಏನೂ ಬರ ಇಲ್ಲ. ಬರ ಬರೋದು ಕಾರ್ಯಕ್ರಮ ಮುಗಿದ ಮ್ಯಾಲೆ. ಗಿಡ ಹಚ್ಚಾಕ ಕ್ಯಾಲೆಂಡರ್‌ನ್ಯಾಗ ದಿನಾ ಐತಿ, ಅತಿಥಿಗಳು ಅದಾರ, ಮೈಕ್ ಐತಿ. ನೀರು ಹಾಕಾಕ ದಿನಾನೂ ಇಲ್ಲ, ಮೈಕೂ ಇಲ್ಲ. ಈ ವರ್ಷ ಆ ದಿನಗಳನ್ನ ಗುರುತು ಹಾಕೋಣ ಅಂತ ಈ ಏಳು ಭಾಗದ ಕ್ಯಾಪ್ಷನ್. ಉದ್ದ ಐತಿ. ನಾಲ್ಕು ರೀಲ್ಸ್ ಕಡಿಮಿ ನೋಡ್ರಿ, ಓದಿ ಮುಗೀತೈತಿ.

2/7 ಮಿರಗ ಇನ್ನೂ ಕೂಡಿರೂದಿಲ್ಲ

ವಿಶ್ವ ಪರಿಸರ ದಿನ ಜೂನ್ 5ಕ್ಕ ಯಾಕ? 1972ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನ ಶುರು ಆಗಿದ್ದು ಅವತ್ತು. ಮರುವರ್ಷದಿಂದ ಆಚರಣೆ ಬಂತು. ಅಂದ್ರ ಆ ತಾರೀಖಿಗೂ ನಮ್ಮ ಮಳಿಗೂ ಸಂಬಂಧ ಇಲ್ಲ.

ಮನ್ಯಾಗ ಅಜ್ಜ ಇದ್ರ ಕೇಳಿ ನೋಡ್ರಿ. ಜೂನ್ 5ಕ್ಕ ರೋಹಿಣಿ ನಡದಿರತೈತಿ, ಮಿರಗ ಇನ್ನೂ ಕೂಡಿರೂದಿಲ್ಲ. ಮಿರಗ ಕೂಡಿದ್ರೂ ನಮ್ಮಲ್ಲಿ ಮಳಿ ಗ್ಯಾರಂಟಿ ಇಲ್ಲ. ಸಹ್ಯಾದ್ರಿಯ ಆ ಕಡೆ ಸುರಿದು ಖಾಲಿಯಾದ ಮೋಡ ನಮ್ಮ ಕಡೆ ಬರತೈತಿ. ವರ್ಷಕ್ಕ ಸುಮಾರು 600 ಮಿಲಿಮೀಟರ್ ಮಳಿ, ಅದರಾಗ ಉಳಿದ ತಿಂಗಳಿಗಿಂತ ಹೆಚ್ಚು ಬೀಳೂದು ಸೆಪ್ಟೆಂಬರ್‌ನ್ಯಾಗ. ಅದಕ್ಕ ನಮ್ಮ ಹಿರ್ಯಾರು ಬಿಳಿಜೋಳ ಹಿಂಗಾರಿಗೆ ಬಿತ್ತಿದ್ರು. ಎರಿ ಹೊಲ ಮಳಿ ಕುಡಿದು ಹದ ಆಗೂತನಕ ಕಾದ್ರು. ತಾರೀಖು ನೋಡಿ ಬಿತ್ತಿದ ರೈತನ್ನ ನೀವು ಎಲ್ಲೆರ ಕಂಡೀರಿ?

ನಾವು ಮಾತ್ರ ತಾರೀಖು ನೋಡಿ ಹಚ್ತೀವಿ. ನೆಲ ಇನ್ನೂ ಬಿರಿದಿರತೈತಿ, ಕೆಳಗ ಕಾವು ಇರತೈತಿ. ಪ್ಲಾಸ್ಟಿಕ್ ಚೀಲದಾಗಿನ ಸಸಿ ಅಂಥಾದ್ರಾಗ ಇಳೀತೈತಿ. ನಮಗ ಚಪ್ಪಾಳಿ, ಅದಕ್ಕ ಬಿಸಿಲು.

ನನ್ನ ಅಭಿಪ್ರಾಯ ಇಷ್ಟ: ಹಚ್ಚೂ ದಿನಾ ಮಳಿ ಹೇಳಲಿ. ನೀರು ಹಾಕೂ ದಿನಾ ನಾವು ಹೇಳೋಣ.

3/7 ಬಿಕಾಂ ಲೆಕ್ಕ

ಕಾಮರ್ಸ್ ದೋಸ್ತರ, ಇದು ನಮ್ಮ ಏರಿಯಾ. ಒಂದು ಮಷೀನ್ ತಗೊಂಡ್ರ ಅದನ್ನ ಖರ್ಚಿಗೆ ಬರೀತೀವೇನು? ಇಲ್ಲ, ಆಸ್ತಿಗೆ ಬರೀತೀವಿ. ವರ್ಷಾ ಸವಕಳಿ ತೆಗೀತೀವಿ, ರಿಪೇರಿ ಖರ್ಚು ತೋರಿಸ್ತೀವಿ, ವರ್ಷದ ಕೊನಿಗೆ ಬ್ಯಾಲೆನ್ಸ್ ಶೀಟ್‌ನ್ಯಾಗ ಅದು ಇನ್ನೂ ಐತೋ ಇಲ್ಲೋ ನೋಡ್ತೀವಿ. ಗಿಡದ ವಿಷಯದಾಗ ನಾವು ಓಪನಿಂಗ್ ಎಂಟ್ರಿ ಬರದು ಪುಸ್ತಕ ಮುಚ್ತೀವಿ. ‘200 ಸಸಿ ನೆಡಲಾಯಿತು’. ಮುಂದ? ಕ್ಲೋಸಿಂಗ್ ಬ್ಯಾಲೆನ್ಸ್ ಎಲ್ಲಿ?

ಈಗ ಆ 200 ಸಸಿಯ ನೀರಿನ ಲೆಕ್ಕ ಮಾಡೋಣ. ಡಿಸೆಂಬರ್‌ನಿಂದ ಮೇ ಕೊನೀತನಕ 26 ವಾರ. ವಾರಕ್ಕ ಒಂದು ಸಸಿಗೆ 10 ಲೀಟರ್ ಅಂತ ಹಿಡೀರಿ. ವಾರಕ್ಕ 2,000 ಲೀಟರ್, ಒಟ್ಟು 52,000 ಲೀಟರ್. 5,000 ಲೀಟರಿನ ಟ್ಯಾಂಕರ್ ಆದ್ರ ಹನ್ನೊಂದು ಟ್ಯಾಂಕರ್. ನಿಮ್ಮ ಓಣ್ಯಾಗ ಟ್ಯಾಂಕರ್ ರೇಟು ಎಷ್ಟು ಅಂತ ನಿಮಗ ಗೊತ್ತೈತಿ, ಗುಣಿಸಿ ನೋಡ್ರಿ. ಪಕ್ಕದಾಗ ಬ್ಯಾನರ್, ಟೀ ಶರ್ಟ್, ಶಾಲು, ಹಾರ, ಸ್ಟೇಜಿನ ಖರ್ಚೂ ಬರೀರಿ. ಬಜೆಟ್ಟಿನ್ಯಾಗ ನೀರಿನ ಸಾಲು ಇಲ್ಲದ ಕಾರ್ಯಕ್ರಮಕ್ಕ ನಾವು ಪರಿಸರ ಕಾರ್ಯಕ್ರಮ ಅಂತ ಯಾಕ ಕರೀಬೇಕು?

ಈ ಲೆಕ್ಕ ಗೊತ್ತಿದ್ದವರು ತಿಕೋಟಾ ಕಡೆ ದ್ರಾಕ್ಷಿ ಬೆಳೆಯೋರು. ಬರಗಾಲದಾಗ ಕೊಳವಿ ಬಾವಿ ಬತ್ತಿದಾಗ ಅವರು ಟ್ಯಾಂಕರ್ ನೀರು ಕೊಂಡು ಬಳ್ಳಿ ಉಳಿಸ್ಕೊಂಡಾರ. ಆ ವರ್ಷದ ಲಾಭಕ್ಕಲ್ಲ. ಬಳ್ಳಿ ಹೋದ್ರ ಅದರ ಹಿಂದಿನ ವರ್ಷಗಳೂ ಹೋಗ್ತಾವು ಅಂತ. ಗಿಡಾ ಅಂದ್ರ ಆಸ್ತಿ ಅಂತ ಅವರಿಗೆ ಯಾವ ಪಠ್ಯಪುಸ್ತಕಾನೂ ಕಲಿಸಿಲ್ಲ.

4/7 ಹೂಳು ತೆಗಿಯಾಕ ಜಾಗ ಬಿಟ್ಟಿದ್ರು

ನಮ್ಮ ಊರಿಗೆ ಬಂದವರಿಗೆ ಗೋಳಗುಮ್ಮಟ ತೋರಸ್ತೀವಿ. ನನ್ನ ಕೇಳಿದ್ರ ಮೊದಲು ನೀರಿನ ಕೆಲಸ ತೋರಸಬೇಕು. ತೊರವಿ ಕಡೆಯಿಂದ ನೆಲದೊಳಗ ಸುರಂಗ ಕೊರೆದು ಊರಿಗೆ ನೀರು ತಂದಾರ. ಆ ಸುರಂಗದ ಗುಂಟ ಅಲ್ಲಲ್ಲಿ ಬಾವಿ ಹಂಗ ತೂತು ಕಾಣ್ತಾವು. ಅವು ಗಾಳಿಗೆ ಅಷ್ಟ ಅಲ್ಲ. ಒಳಗ ಇಳಿದು ಹೂಳು ತೆಗಿಯಾಕ. 1651ರ ಬೇಗಂ ತಲಾಬದಿಂದ ಬರೋ ನೀರಿನ ದಾರ್ಯಾಗ ನಿಂತ ಗಂಜ್‌ಗಳ ಕೆಲಸಾನೂ ಅದ ಥರದ್ದು: ನೀರಿನ ಒತ್ತಡ ಇಳಿಸೂದು, ಕೆಸರು ತಳಕ್ಕ ಕೂಡಿಸೂದು. ಕಟ್ಟುವಾಗಲೇ ‘ನಾಳೆ ಇದನ್ನ ಸ್ವಚ್ಛ ಮಾಡಬೇಕಾಗತೈತಿ’ ಅಂತ ಜಾಗ ಬಿಟ್ಟು ಕಟ್ಟಿದ್ರು. ಉದ್ಘಾಟನೆಯ ಮರುದಿನದ ಬಗ್ಗೆ ವಿಚಾರ ಮಾಡಿದ್ರು.

ಆಮ್ಯಾಲೆ ನಾವು ಬಂದ್ವಿ. 1620ರ ಸುಮಾರಿಗೆ ಕಟ್ಟಿದ ತಾಜ್ ಬಾವಡಿಗೆ ಗಣಪತಿ ಬಿಟ್ವಿ, ಕಸ ಒಗದ್ವಿ. ಮತ್ತ ಅದನ್ನ ತೋಡಿ ತೆಗೀಲಿಕ್ಕ ಸರ್ಕಾರಾನ ಬರಬೇಕಾತು. ಸುರಂಗ ಬಾವಡಿ ನ್ಯೂಯಾರ್ಕಿನ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್‌ನ 2020ರ ವಾಚ್ ಪಟ್ಟಿಗೆ ಹೋತು. ಆ ಪಟ್ಟಿಗೆ ಹೋಗೂದು ಹೆಮ್ಮಿ ಪಡಾಕ ಅಷ್ಟ ಅಲ್ಲ. ‘ಇದನ್ನ ನೋಡ್ಕೊಳ್ರಪಾ’ ಅಂತ ಹೊರಗಿನವರು ಹೇಳಬೇಕಾತು ಅಂತನೂ ಅರ್ಥ.

ಗಿಡದ ಕತಿ ಬಾವಡಿ ಕತಿ ಬ್ಯಾರೆ ಬ್ಯಾರೆ ಅಲ್ಲ. ಕಟ್ಟಿದ್ದು, ತೋಡಿದ್ದು, ಹಚ್ಚಿದ್ದು ಎಲ್ಲಾ ಐತಿ. ನೋಡ್ಕೊಳ್ಳೋದರ ಹೆಸರಿನ್ಯಾಗ ಯಾರದೂ ಹೆಸರಿಲ್ಲ.

5/7 ನೀವು ಹೇಳೂದು ಗೊತ್ತೈತಿ

‘ಕಾರ್ಯಕ್ರಮ ಮಾಡಿದ್ರ ಜಾಗೃತಿ ಆಗತೈತಿ.’ ಹೌದು, ಆಗತೈತಿ. ಆದ್ರ ಹೋದ ವರ್ಷ ಹಚ್ಚಿದ ತೆಗ್ಗಿನ್ಯಾಗ ಈ ವರ್ಷ ಮತ್ತ ಹೊಸಾ ಸಸಿ ಹಚ್ಚೂದನ್ನ ನೋಡಿದ ಸಾಲಿ ಹುಡುಗ್ರಿಗೆ ಯಾವ ಜಾಗೃತಿ ಆಗತೈತಿ? ಗಿಡಾ ಅಂದ್ರ ವರ್ಷಾ ಬದಲಿ ಮಾಡೂ ವಸ್ತು ಅಂತ.

‘ಕೋಟಿ ವೃಕ್ಷ ಅಭಿಯಾನ ನಡದ ಜಿಲ್ಲಾ ಇದು, ನೀ ಹತ್ತು ಇಪ್ಪತ್ತು ಗಿಡದ ಮಾತಾಡ್ತಿ.’ ಎಂ.ಬಿ. ಪಾಟೀಲರು ಆ ಅಭಿಯಾನ ಶುರು ಮಾಡಿದಾಗ ನಾವು ಇನ್ನೂ ಸಾಲ್ಯಾಗ ಇದ್ವಿ. ಬಯಲಸೀಮಿಯ ಒಂದು ಜಿಲ್ಲಾ ಕೋಟಿ ಅಂತ ಗುರಿ ಇಟ್ಕೊಂಡದ್ದು ಸಣ್ಣ ಮಾತಲ್ಲ. ಆದ್ರ ಕೋಟಿ ಅನ್ನೋದು ಇಡೀ ಜಿಲ್ಲಾದ ಲೆಕ್ಕ. ನಮ್ಮ ಪಾಲಿನ ಲೆಕ್ಕ ನಮ್ಮ ಕೈಗೆ ಸಿಗುವಷ್ಟು ಇರಬೇಕು. ಹಚ್ಚಿದ ಗಿಡದ ಲೆಕ್ಕ ದೊಡ್ಡದಿರಲಿ, ಉಳಿದ ಗಿಡದ ಲೆಕ್ಕ ಖರೇ ಇರಲಿ.

‘ಮೇ ತಿಂಗಳದಾಗ ಕುಡಿಯಾಕ ನೀರಿಲ್ಲ, ಗಿಡಕ್ಕ ಎಲ್ಲಿಂದ ತರೂನು?’ ಇದು ಖರೇ ಪ್ರಶ್ನೆ. ಕೃಷ್ಣೆಯ ನೀರು ಏತ ನೀರಾವರಿಯಿಂದ ಬಬಲೇಶ್ವರ, ತಿಕೋಟಾ ಕಡೆ ಬಂದೈತಿ, ಕೆರಿ ತುಂಬ್ಯಾವು. ಆದ್ರ ಎಲ್ಲಾರ ಮನಿ ನಳಕ್ಕೂ ದಿನಾ ನೀರು ಬರೂದಿಲ್ಲ. ಇದಕ್ಕ ನನ್ನ ಉತ್ತರ: ಕಡಿಮಿ ಹಚ್ಚೋಣ. 200 ಅಲ್ಲ, 40. ವಾರಕ್ಕ 400 ಲೀಟರ್, ಅಂದ್ರ ಎರಡು ಬ್ಯಾರಲ್. ಹಾಸ್ಟೆಲ್ ಅಡಗಿಮನ್ಯಾಗ ಅಕ್ಕಿ, ಕಾಯಿಪಲ್ಲೆ ತೊಳೆದ ನೀರು ಹಿಡದ್ರ ಒಂದು ಬ್ಯಾರಲ್ ಅಲ್ಲೇ ಕೂಡತೈತಿ. ಬುಡಕ್ಕ ಕಬ್ಬಿನ ರವದಿ ಇಲ್ಲಾ ಹೊಟ್ಟು ದಪ್ಪಗೆ ಹಾಸಿದ್ರ ಎರಿ ಮಣ್ಣು ಬೇಗ ಬಿರಿಯೂದಿಲ್ಲ, ಹಸಿ ಹೆಚ್ಚು ದಿನ ನಿಲ್ಲತೈತಿ. ಹಚ್ಚೂದು ಬೇವು, ಹುಣಸಿ, ಹೊಂಗೆ, ಬನ್ನಿ ಇರಲಿ. ಈ ನೆಲದ ಬಿಸಿಲು ಅವಕ್ಕ ಹೊಸದಲ್ಲ.

‘ಪರೀಕ್ಷೆ ಇರ್ತಾವು, ಆಮ್ಯಾಲೆ ಸೂಟಿ.’ ಇದ ನೋಡ್ರಿ ಅಸಲಿ ಸಮಸ್ಯೆ. ಗಿಡಕ್ಕ ನೀರು ಬೇಕಾದಾಗ ಕಾಲೇಜು ಬಂದ್ ಇರತೈತಿ. ಆದ್ರ ಎನ್ನೆಸ್ಸೆಸ್ ಸ್ವಯಂಸೇವಕರಿಗೆ ವರ್ಷಕ್ಕ 120 ತಾಸು ಸೇವೆ ಮಾಡಬೇಕು ಅಂತ ನಿಯಮ ಐತಿ. ಅದರಾಗಿನ ಒಂದಿಷ್ಟು ತಾಸನ್ನ ಬ್ಯಾಸಗಿಗೆ ಅಂತ ಎತ್ತಿಡ್ರಿ. ಅದ ಊರಿನವರು ನಾಲ್ಕು ಮಂದಿ ಇದ್ರ ಸಾಕು, ಪಾಳಿ ಹಾಕ್ಕೊಂಡ್ರ ಒಬ್ಬರಿಗೆ ತಿಂಗಳಿಗೆ ಒಂದು ಸಲ ಬರತೈತಿ.

6/7 ಮುಂದಿನ ಹನ್ನೆರಡು ತಿಂಗಳು (ಸೇವ್ ಮಾಡ್ಕೊಳ್ರಿ)

ಗಣೇಶ ಚೌತಿ: ಬಣ್ಣ ಇಲ್ಲದ ಮಣ್ಣಿನ ಗಣಪ. ಮನ್ಯಾಗ ಬಕೆಟ್ಟಿನ್ಯಾಗ ಬಿಡ್ರಿ, ಕರಗಿದ ಮಣ್ಣು ನೀರು ಗಿಡದ ಬುಡಕ್ಕ. ಬಾವಡಿ, ಬಾವಿ, ಕೆರಿ ಕಡೆ ಹೋಗೂದು ಬ್ಯಾಡ.

ಸೆಪ್ಟೆಂಬರ್ 24, ಎನ್ನೆಸ್ಸೆಸ್ ದಿನ: ಉತ್ತರಿ ಮಳಿ ನಡದಿರತೈತಿ, ನೆಲ ಹಸಿ ಇರತೈತಿ. ಜೂನ್‌ನ್ಯಾಗ ಹಚ್ಚಿದ್ದರಾಗ ಹೋದದ್ದು ಎಷ್ಟು ನೋಡಿ ಅಲ್ಲೇ ಬದಲಿ ಹಚ್ರಿ. ಬುಡಕ್ಕ ರವದಿ ಹಾಸ್ರಿ, ಸುತ್ತ ಮುಳ್ಳು ಬೇಲಿ ಕಟ್ರಿ, ಇಲ್ಲಾಂದ್ರ ಆಡು ಮೇಯ್ದು ಹೋಗ್ತಾವು.

ಡಿಸೆಂಬರ್: 2023ರ ಡಿಸೆಂಬರ್ 24ಕ್ಕ ವೃಕ್ಷಥಾನ್ ಹೆರಿಟೇಜ್ ರನ್ ನಡೀತು. ಚಳ್ಯಾಗ ಊರಿಗೆ ಊರ ಎದ್ದು ಓಡೂದು ನೋಡಾಕ ಚಂದ. ಇಂಥಾ ಓಟಕ್ಕ ನನ್ನ ಒಂದು ಸಲಹೆ: ಓಡಿದವರ ಬಿಬ್ ನಂಬರ್‌ನ ಒಂದು ಗಿಡಕ್ಕ ಕಟ್ರಿ. ನಿಮ್ಮ ನಂಬರಿನ ಗಿಡ ಬ್ಯಾಸಗಿ ಮುಗಿಯೂತನಕ ನಿಮ್ಮದು. ಮೆಡಲ್ ಗೂಟಕ್ಕ ನೇತಾಡಲಿ, ಗಿಡಾ ನೆಲದಾಗ ನಿಲ್ಲಲಿ.

ಜನವರಿ, ಸಿದ್ಧೇಶ್ವರ ಜಾತ್ರಿ: ಜಾನುವಾರು ಜಾತ್ರಿ ಮುಗಿದ ಮ್ಯಾಲೆ ಸೆಗಣಿ ಗೊಬ್ಬರ ಕೇಳಿ ತರ್ರಿ. ಬೆಳೆಯೂ ಗಿಡಕ್ಕ ಅದಕ್ಕಿಂತ ಬೇರೆ ಕಾಣಿಕೆ ಬ್ಯಾಡ.

ಮಾರ್ಚ್ 22, ವಿಶ್ವ ಜಲ ದಿನ: ಅವತ್ತು ‘ನೀರಿನ ಮಹತ್ವ’ ಅಂತ ಭಾಷಣ ಸ್ಪರ್ಧೆ ಇಡ್ತಾರ. ಭಾಷಣ ಸಾಕು, ಬ್ಯಾರಲ್ ಎತ್ತೋಣ. ವರ್ಷದ ದೊಡ್ಡ ಕಾರ್ಯಕ್ರಮ ಇದ ಆಗಲಿ. ಅತಿಥಿಗಳು ಬಂದ್ರ ಅವರ ಕೈಗೂ ಒಂದು ಕೊಡ ಕೊಡೋಣ.

ಏಪ್ರಿಲ್, ಮೇ: ಕಾರ್ಯಕ್ರಮ ಇಲ್ಲ. ಬರೀ ಪಾಳಿ. ಬಿಸಿಲು 40 ಡಿಗ್ರಿ ದಾಟೂ ದಿನಗಳು. ಸಂಜೀಕ ಹಾಕ್ರಿ.

ಮುಂದಿನ ಜೂನ್ 5: ಅವತ್ತು ಹಚ್ಚೂದು ಬ್ಯಾಡ. ಎಣಿಸೋಣ. 40ರಾಗ ಎಷ್ಟು ಬದುಕ್ಯಾವು? ಆ ಸಂಖ್ಯೆನ ಬ್ಯಾನರ್ ಮ್ಯಾಲೆ ದೊಡ್ಡದಾಗಿ ಬರೀರಿ. 11 ಇದ್ರ 11. ಜೂನ್ 5 ನಮ್ಮ ಆಡಿಟ್ ದಿನ ಆಗಲಿ.

7/7 ಹೆಸರು ಬ್ಯಾಡ

ತಿಕೋಟಾ ತಾಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ ಸಿದ್ಧೇಶ್ವರ ಸ್ವಾಮೀಜಿ 2023ರ ಜನವರಿ 2ರಂದು ಹೋದರು. ಮೊದಲೇ ಬರೆದಿಟ್ಟ ಪತ್ರದಾಗ ಅವರು ಕೇಳಿದ್ದು: ದೇಹಾನ ಅಗ್ನಿಗೆ ಕೊಡ್ರಿ, ಬೂದಿನ ನೀರಿಗೆ ಬಿಡ್ರಿ, ಸ್ಮಾರಕ ಕಟ್ಟಬ್ಯಾಡ್ರಿ. ಅವರ ದರ್ಶನಕ್ಕ ಅವತ್ತು ಎಷ್ಟು ಮಂದಿ ಸೇರಿದ್ರು ಅಂತ ನಾವೆಲ್ಲಾ ನೋಡೇವಿ. ಅಷ್ಟು ಮಂದಿ ನೆನಪಿಟ್ಟ ಮನುಷ್ಯಾಗ ಒಂದು ಕಲ್ಲಿನ ಮ್ಯಾಲೆ ಹೆಸರು ಬ್ಯಾಡಾಗಿತ್ತು. ನಮಗ ಒಂದು ಸಸಿ ಹಚ್ಚಿದ್ರ ಬೋರ್ಡ್ ಬೇಕು. ಎಷ್ಟೋ ಕಡೆ ಬೋರ್ಡ್ ಉಳಿದಾವು, ಗಿಡಾ ಇಲ್ಲ.

ಫೋಟೋ ಬ್ಯಾಡ ಅಂತ ನಾ ಹೇಳೂದಿಲ್ಲ. ಫೋಟೋ ಹಾಕೂ ಆ್ಯಪ್‌ನ್ಯಾಗ ಬರಕೊಂತ ಹಂಗ ಹೇಳಿದ್ರ ನೀವ ನಗ್ತೀರಿ. ಅದ ಗಿಡದ ಎರಡನೇ ಫೋಟೋನೂ ಹಾಕ್ರಿ ಅಂತ ಅಷ್ಟ ಕೇಳ್ತೀನಿ.

ಕೆಲಸ ಇದು: ಹೋದ ವರ್ಷ ನೀವು ಗಿಡ ಹಚ್ಚಿದ ಜಾಗಕ್ಕ ಈ ವಾರ ಒಂದು ಸಲ ಹೋಗ್ರಿ. ಅದ ಜಾಗದಾಗ ನಿಂತು ಒಂದು ಫೋಟೋ ತೆಗೀರಿ. ಯಾರ ಮುಖಾನೂ ಬ್ಯಾಡ, ಗಿಡಾ ಇದ್ರ ಗಿಡಾ, ಇಲ್ಲಂದ್ರ ಬರೀ ತೆಗ್ಗು. ಕಮೆಂಟಿನ್ಯಾಗ ಊರಿನ ಹೆಸರು, ಹಚ್ಚಿದ್ದು ಎಷ್ಟು, ಉಳಿದದ್ದು ಎಷ್ಟು, ಇಷ್ಟ ಬರೀರಿ. ಯಾರನ್ನೂ ಟ್ಯಾಗ್ ಮಾಡಿ ಚುಚ್ಚಬ್ಯಾಡ್ರಿ. ಎಲ್ಲಾರದೂ ಕೂಡಿಸಿ ನಾ ಒಂದು ಶೀಟ್ ಮಾಡಿ ಇಲ್ಲೇ ಹಾಕ್ತೀನಿ.

ಬ್ಯಾಸಗಿ ಪಾಳಿಗೆ ಬರೋರು ‘ಬ್ಯಾರಲ್’ ಅಂತ ಕಮೆಂಟ್ ಮಾಡ್ರಿ. ಊರು ಊರಿಗೆ ನಾಲ್ಕು ನಾಲ್ಕು ಮಂದಿ ಸಾಕು.

#ಎಣಿಸೂದಿನ #ಎರಡುಬ್ಯಾರಲ್ #ವಿಜಯಪುರ #ತಿಕೋಟಾ #ಬಬಲೇಶ್ವರ #ನಮ್ಮಬಿಸಿಲುನಮ್ಮಗಿಡ