ಹಿಂಬಡ್ತಿ ಆಯಿತು, ಮುಂದೇನು?

ಕೊಡಗು ಎಂದರೆ ಹಾಕಿ ಅಂತ ಹೊರಗಿನವರು ಹೇಳುತ್ತಾರೆ. ಸುಂಟಿಕೊಪ್ಪ, ಸಿದ್ದಾಪುರ, ಅಮ್ಮತ್ತಿ ಕಡೆಯ ಬಸ್ಸಿನಲ್ಲಿ ಸಂಜೆ ಹೊತ್ತು ಹೋಗುವವರಿಗೆ ಮಾತ್ರ ಬೇರೆ ಸಂಗತಿ ಗೊತ್ತು. ಅಲ್ಲಿ ಹುಡುಗರ ಕಾಲಿಗೆ ಅಂಟಿದ್ದು ಫುಟ್ಬಾಲ್. ಸುಂಟಿಕೊಪ್ಪದ ಡಿ. ಶಿವಪ್ಪ ಸ್ಮಾರಕ ಪಂದ್ಯಾವಳಿ ಬಂತೆಂದರೆ ಪೇಟೆಯಲ್ಲಿ ಬೇರೆ ಮಾತೇ ಇರುವುದಿಲ್ಲ.

ಈ ಹುಡುಗರ ಮನೆಗಳಲ್ಲಿ ಬಹುಕಾಲ ನಡೆದ ಲೆಕ್ಕ ಒಂದೇ: ಚೆನ್ನಾಗಿ ಆಡು, ಬೆಂಗಳೂರಿನ ಕಾರ್ಖಾನೆ ತಂಡಕ್ಕೆ ಸೇರು, ಆಟದ ಜೊತೆ ನೌಕರಿಯೂ ಆಗುತ್ತೆ. ಎಚ್‌ಎಎಲ್, ಐಟಿಐ ಎಂಬ ಹೆಸರುಗಳಿಗೆ ಇದ್ದ ಬೆಲೆ ಅದು. ಆದ್ದರಿಂದ ಎಚ್‌ಎಎಲ್ ತಂಡಕ್ಕೆ ಏನಾಯಿತು ಎಂಬುದು ಬೆಂಗಳೂರಿನವರ ಮನೆಯ ಸುದ್ದಿ ಮಾತ್ರ ಅಲ್ಲ.

ಎಚ್‌ಎಎಲ್ 2010ರಲ್ಲಿ ಎರಡನೇ ದರ್ಜೆಯಿಂದ ಮೇಲೆ ಬಂದು ದೇಶದ ಅಗ್ರ ಲೀಗಾದ ಐ-ಲೀಗ್ ಸೇರಿತು. ಎರಡು ಸೀಸನ್ ಆಡಿತು. 2011-12ರಲ್ಲಿ 14 ತಂಡಗಳ ಪಟ್ಟಿಯ ತಳದಲ್ಲಿ ಉಳಿದ ಎರಡು ತಂಡಗಳು ಎಚ್‌ಎಎಲ್ ಮತ್ತು ಪಕ್ಕದ ಕೇರಳದ ಚಿರಾಗ್ ಯುನೈಟೆಡ್. ಎರಡಕ್ಕೂ ಹಿಂಬಡ್ತಿ. ಎಚ್‌ಎಎಲ್ ಮತ್ತೆ ಅಗ್ರ ದರ್ಜೆಯ ಮೆಟ್ಟಿಲು ಹತ್ತಲಿಲ್ಲ. ಚಿರಾಗ್ ಅದೇ ವರ್ಷ ಅಂಗಡಿ ಮುಚ್ಚಿತು.

ಹಿಂಬಡ್ತಿ ಎಂದರೇನು ಅಂತ ವ್ಯಾಪಾರಸ್ಥರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೇನ್ ರೋಡಿನ ಅಂಗಡಿಯನ್ನು ಹಿಂದಿನ ಗಲ್ಲಿಗೆ ಸಾಗಿಸಿದ ಹಾಗೆ. ಆಳುಗಳ ಸಂಬಳ ಅಷ್ಟೇ, ಕರೆಂಟು ಬಿಲ್ಲು ಅಷ್ಟೇ, ಗಿರಾಕಿ ಮಾತ್ರ ಕಡಿಮೆ. ಪಂದ್ಯ ಟಿವಿಯಲ್ಲಿ ಬರುವುದಿಲ್ಲ, ಜಾಹೀರಾತು ಕೊಡುವವರು ಫೋನ್ ಎತ್ತುವುದಿಲ್ಲ, ಒಳ್ಳೆ ಆಟಗಾರರು ಬೇರೆ ಕಡೆ ನೋಡುತ್ತಾರೆ. ಆಗಲೇ ಗೊತ್ತಾಗುವುದು, ತಂಡ ಯಾರ ಕೈಯಲ್ಲಿತ್ತು ಅಂತ.

ಪಂಜಾಬಿನ ಜೆಸಿಟಿ ತಂಡ ನೋಡಿ. 1996-97ರ ಮೊಟ್ಟಮೊದಲ ರಾಷ್ಟ್ರೀಯ ಲೀಗ್ ಗೆದ್ದ ತಂಡ ಅದು. 2011ರಲ್ಲಿ ಹಿಂಬಡ್ತಿ ಆಯಿತು. ಜವಳಿ ಮಿಲ್ಲಿನ ಯಜಮಾನರು ಅದೇ ವರ್ಷ ತಂಡವನ್ನೇ ಮುಚ್ಚಿದರು. ಜೊತೆಯಲ್ಲೇ ಕೆಳಗಿಳಿದ ಒಎನ್‌ಜಿಸಿ ಮಾತ್ರ ಎದೆಗುಂದಲಿಲ್ಲ. 2012ರಲ್ಲಿ ಎರಡನೇ ದರ್ಜೆಯಿಂದ ಬಡ್ತಿ ಪಡೆದು ವಾಪಸ್ ಬಂತು. ಬಂದು ಏನು ಲಾಭ? 2013ರಲ್ಲಿ ಕ್ಲಬ್ ಲೈಸೆನ್ಸಿನ ನಿಯಮ ಪೂರೈಸಲಿಲ್ಲ ಎಂದು ಒಎನ್‌ಜಿಸಿ, ಏರ್ ಇಂಡಿಯಾ ಎರಡನ್ನೂ ಲೀಗಿನಿಂದ ಹೊರಗಿಟ್ಟರು. ಇಲಾಖೆಯ ತಂಡ ಇದ್ದರೆ ಸಾಲದು, ಕಿರಿಯರ ತಂಡ, ಮೈದಾನ, ಪ್ರತ್ಯೇಕ ಲೆಕ್ಕಪತ್ರ ಎಲ್ಲಾ ಬೇಕು ಎಂಬುದು ಆ ನಿಯಮಗಳ ಸಾರ.

ಈ ಮೂರು ಕಥೆಗಳಿಂದ ತಿಳಿಯುವುದು ಇಷ್ಟೇ. ತಂಡ ಸಾಯುವುದು ಸೋಲಿನಿಂದಲ್ಲ. ಒಬ್ಬನೇ ಯಜಮಾನನ ಚೆಕ್ ಪುಸ್ತಕ ನಂಬಿದ ತಂಡ ಆತ ಮನಸ್ಸು ಬದಲಿಸಿದ ದಿನ ಸಾಯುತ್ತದೆ. ಕಾರ್ಖಾನೆ ತಂಡದ ಆಟಗಾರನಿಗೆ ಒಂದು ಅನುಕೂಲ ಇತ್ತು, ನಿಜ. ತಂಡ ಕೆಳಗಿಳಿದರೂ ಅವನ ನೌಕರಿ ಹೋಗುವುದಿಲ್ಲ. ಆದರೆ ಹೊಸ ಹುಡುಗರ ನೇಮಕಾತಿ ನಿಂತಿತೋ, ಐದಾರು ವರ್ಷದಲ್ಲಿ ಇಡೀ ತಂಡಕ್ಕೆ ವಯಸ್ಸಾಗುತ್ತದೆ.

ಹಾಗಾದರೆ ಹಿಂಬಡ್ತಿಯೇ ಇಲ್ಲದಿದ್ದರೆ ಸುಖವೇ? ಅದೂ ಇಲ್ಲ. 2014ರಲ್ಲಿ ಶುರುವಾದ ಐಎಸ್‌ಎಲ್‌ನಲ್ಲಿ ಮೊದಲ ಹತ್ತು ವರ್ಷ ಯಾರಿಗೂ ಹಿಂಬಡ್ತಿ ಇರಲಿಲ್ಲ. 2013ರಲ್ಲಿ ಹುಟ್ಟಿ ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದ, 2018-19ರಲ್ಲಿ ಐಎಸ್‌ಎಲ್ ಕೂಡ ಗೆದ್ದ ಬೆಂಗಳೂರು ಎಫ್‌ಸಿ, 2025ರ ಆಗಸ್ಟ್‌ನಲ್ಲಿ ಲೀಗ್ ನಡೆಯುವುದೇ ಖಾತ್ರಿ ಇಲ್ಲವೆಂದು ಆಟಗಾರರ ಸಂಬಳ ತಡೆಹಿಡಿಯಿತು. ಒಂದೂ ಪಂದ್ಯ ಸೋಲದೆ ಸಂಬಳ ನಿಂತ ಉದಾಹರಣೆ ಇದು.

ಹಾಗಂತ ಕರ್ನಾಟಕದಲ್ಲಿ ಆಟಗಾರರು ಇಲ್ಲವೇ? 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷದ ನಂತರ ಸಂತೋಷ್ ಟ್ರೋಫಿ ತಂದವರು ಕನ್ನಡನಾಡಿನ ಹುಡುಗರೇ. ಬೆಳೆ ಚೆನ್ನಾಗಿದೆ, ಕಣಜ ಸೋರುತ್ತಿದೆ.

ಕಣಜ ಭದ್ರ ಮಾಡುವ ವಿದ್ಯೆ ಕೊಡಗಿಗೆ ಹೊಸದಲ್ಲ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಕೌಟುಂಬಿಕ ಹಾಕಿ ಶುರು ಮಾಡಿದಾಗ ಬಂದದ್ದು 60 ತಂಡ. 2024ರಲ್ಲಿ ನಾಪೋಕ್ಲಿನಲ್ಲಿ ಕುಂಡ್ಯೋಳಂಡ ಕಪ್ ನಡೆದಾಗ 360 ತಂಡ. ಕಾರಣ ಏನು? ವರ್ಷಕ್ಕೊಂದು ಕುಟುಂಬ ಹೊಣೆ ಹೊರುತ್ತದೆ. ಭಾರ ಒಬ್ಬರ ಹೆಗಲ ಮೇಲಿಲ್ಲ. ಮೊದಲ ಸುತ್ತಿನಲ್ಲೇ ಸೋತು ಮನೆಗೆ ಹೋದ ತಂಡವೂ ಮರುವರ್ಷ ಬೂಟು ಕಟ್ಟುತ್ತದೆ.

ಫುಟ್ಬಾಲಿಗೂ ಇದೇ ಬುದ್ಧಿ ಬೇಕು. ಪಂದ್ಯಾವಳಿಯ ಕಪ್ಪಿಗೆ, ಶಾಮಿಯಾನಕ್ಕೆ, ಸ್ಪೀಕರಿಗೆ ಚಂದಾ ಕೊಡುವ ವರ್ತಕರು ಹುಡುಗರ ಬೂಟಿಗೆ, ತರಬೇತುದಾರನ ಬಸ್ ಚಾರ್ಜಿಗೆ ಕೊಡಲು ಹಿಂದೆಮುಂದೆ ನೋಡಬಾರದು. ಕಪ್ಪು ಒಂದು ದಿನದ್ದು, ಬೂಟು ವರ್ಷದ್ದು. ಚಂದಾ ಎತ್ತುವ ಕ್ಲಬ್ಬುಗಳೂ ಜಮಾ-ಖರ್ಚನ್ನು ಬೋರ್ಡಿಗೆ ಅಂಟಿಸಬೇಕು. ಲೆಕ್ಕ ಕಂಡರೆ ಕೊಡುವ ಕೈ ಹಿಂದೆ ಸರಿಯುವುದಿಲ್ಲ.

ಮೈದಾನದ ಮಾತು ಇನ್ನೂ ಮುಖ್ಯ. ಸಭೆ, ಮೇಳ, ವಾಹನ ನಿಲುಗಡೆ ಅಂತ ಸಿಕ್ಕಿದ್ದಕ್ಕೆಲ್ಲ ಮೈದಾನ ಕೊಟ್ಟು, ಗೂಟ ಕಿತ್ತ ಗುಂಡಿಗಳನ್ನು ಹಾಗೇ ಬಿಟ್ಟುಹೋದರೆ ಕಾಲು ಮುರಿಯುವುದು ಆಡುವ ಹುಡುಗನದು. ಪಂಚಾಯಿತಿಗಳು ಬಾಡಿಗೆ ಪಡೆಯುವಾಗಲೇ ಗುಂಡಿ ಮುಚ್ಚಿಸುವ ಠೇವಣಿಯನ್ನೂ ಪಡೆಯಲಿ.

ಮಳೆ ಬಿಟ್ಟ ಮೇಲೆ ಊರೂರಿನ ತಂಡಗಳಿಗೆ ಎರಡು ದರ್ಜೆಯ ಲೀಗ್ ತಪ್ಪದೆ ನಡೆಯಲಿ. ಗೆದ್ದವರು ಮೇಲೆ, ಸೋತವರು ಕೆಳಗೆ. ಕೆಳಗಿಳಿದ ತಂಡಕ್ಕೆ ಅದರ ಊರಿನವರು ಬೆನ್ನು ತಿರುಗಿಸದಿದ್ದರೆ ಸಾಕು. ಮರುವರ್ಷ ಅದು ಮೇಲೆ ಬಂದೀತು. ಎಚ್‌ಎಎಲ್‌ಗೆ ದೊಡ್ಡ ಕಾರ್ಖಾನೆ ಇತ್ತು, ಜೆಸಿಟಿಗೆ ಮಿಲ್ಲು ಇತ್ತು. ಹಿಂದೆ ನಿಲ್ಲಲು ಒಂದು ಊರು ಬೇಕಿತ್ತು. ಕೊಡಗಿನ ಪುಟ್ಟ ತಂಡಗಳಿಗೆ ಆ ಊರು ಇದೆ. ಅದನ್ನು ಉಳಿಸಿಕೊಳ್ಳುವುದು ಗೋಲು ಹೊಡೆಯುವುದಕ್ಕಿಂತ ದೊಡ್ಡ ಕೆಲಸ.